ಶ್ಲೈಡನ್ ಮತ್ತು ಶ್ವಾನ್ ನಿಜವಾಗಿ ಹೇಳಿದ್ದೇನು? ಕೋಶ ಸಿದ್ಧಾಂತದ ಇತಿಹಾಸ ಕುರಿತು ಚರ್ಚೆ

ಹಾಸನದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಜೀವಕೋಶದ ಅಧ್ಯಾಯ ಆರಂಭವಾಗುವುದೇ ಕೋಶ ಸಿದ್ಧಾಂತದ ಇತಿಹಾಸದಿಂದ. 1838ರಲ್ಲಿ ಶ್ಲೈಡನ್ ಸಸ್ಯಗಳೆಲ್ಲ ಕೋಶಗಳಿಂದಾಗಿವೆ ಎಂದರು, 1839ರಲ್ಲಿ ಶ್ವಾನ್ ಪ್ರಾಣಿಗಳ ವಿಷಯದಲ್ಲೂ ಅದನ್ನೇ ತೋರಿಸಿದರು, ಆದರೆ ಹೊಸ ಕೋಶಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಅವರ ಸಿದ್ಧಾಂತ ವಿವರಿಸಲಿಲ್ಲ, 1855ರಲ್ಲಿ ವಿರ್ಚೋ ಬಂದು ಕೋಶದಿಂದಲೇ ಕೋಶ ಹುಟ್ಟುತ್ತದೆ ಎಂದು ಹೇಳಿ ಅದನ್ನು ಪೂರ್ಣಗೊಳಿಸಿದರು ಎಂದು ಪಾಠ ಮಾಡುತ್ತೇವೆ. ಈ ಬಾರಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಮೇಡಂ, ನಡುವಿನ ಹದಿನಾರು ವರ್ಷ ಹೊಸ ಕೋಶ ಎಲ್ಲಿಂದ ಬರುತ್ತದೆಂದು ಅವರು ನಂಬಿದ್ದರು? ಅಷ್ಟು ದೊಡ್ಡ ಪ್ರಶ್ನೆಯನ್ನು ಅವರು ಕೇಳಿಕೊಳ್ಳಲೇ ಇಲ್ಲವೇ?" ಎಂದಳು. ಪಠ್ಯಪುಸ್ತಕದಲ್ಲಿರುವುದನ್ನೇ ಮತ್ತೊಮ್ಮೆ ಓದಿ ಹೇಳಲು ನನಗೆ ಮನಸ್ಸಾಗಲಿಲ್ಲ, ಮುಂದಿನ ತರಗತಿಯಲ್ಲಿ ಉತ್ತರಿಸುತ್ತೇನೆಂದು ಹೇಳಿದ್ದೇನೆ. ವಿಜ್ಞಾನದ ಇತಿಹಾಸವನ್ನು ಓದಿಕೊಂಡವರು ಇಲ್ಲಿ ಅನೇಕರಿದ್ದೀರಿ. ದಯವಿಟ್ಟು ವಿವರವಾಗಿ ಬರೆಯಿರಿ.

ಹಳೆಯ ಹಾಳೆ

ಮೇಡಂ, ಆ ವಿದ್ಯಾರ್ಥಿನಿಯ ಪ್ರಶ್ನೆ ಈ ಇತಿಹಾಸದ ಮರ್ಮಕ್ಕೇ ಕೈಹಾಕಿದೆ. ಶ್ಲೈಡನ್ ಮತ್ತು ಶ್ವಾನ್ ಆ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ ಎಂಬುದು ಸರಿಯಲ್ಲ. ಕೇಳಿಕೊಂಡಿದ್ದರು, ಉತ್ತರವನ್ನೂ ಕೊಟ್ಟಿದ್ದರು. ಅಷ್ಟೇ ಅಲ್ಲ, ಅವರ ಬರಹಗಳ ಜೀವಾಳವೇ ಆ ಉತ್ತರವಾಗಿತ್ತು. ಅದು ತಪ್ಪು ಉತ್ತರವಾಗಿದ್ದರಿಂದ ಪಠ್ಯಪುಸ್ತಕಗಳು ಅದನ್ನು ಕೈಬಿಟ್ಟವು. ಕೈಬಿಟ್ಟ ಜಾಗ ಖಾಲಿ ಕಾಣುವುದರಿಂದ "ವಿವರಿಸಲಿಲ್ಲ" ಎಂಬ ವಾಕ್ಯ ಅಲ್ಲಿ ಬಂದು ಕುಳಿತಿದೆ.

ಹ್ಯಾಂಬರ್ಗಿನಲ್ಲಿ ವಕೀಲಿ ವೃತ್ತಿ ಬಿಟ್ಟು ಸಸ್ಯಶಾಸ್ತ್ರಕ್ಕೆ ಬಂದ ಮಥಿಯಾಸ್ ಶ್ಲೈಡನ್ 1838ರಲ್ಲಿ ಬರ್ಲಿನ್ನಿನ ಯೊಹಾನೆಸ್ ಮ್ಯುಲರ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ವಿಷಯವೇ ಸಸ್ಯಗಳ ಉತ್ಪತ್ತಿ. ರಾಬರ್ಟ್ ಬ್ರೌನ್ 1831ರಲ್ಲಿ ಆರ್ಕಿಡ್ ಸಸ್ಯಗಳನ್ನು ಅಭ್ಯಸಿಸುವಾಗ ಕೋಶಕೇಂದ್ರಕ್ಕೆ ಹೆಸರು ಕೊಟ್ಟು ಅದು ಅನೇಕ ಸಸ್ಯಗಳ ಕೋಶಗಳಲ್ಲಿ ಇರುವುದನ್ನು ತೋರಿಸಿದ್ದರು. ಶ್ಲೈಡನ್ ಆ ಕೋಶಕೇಂದ್ರವನ್ನೇ ಹೊಸ ಕೋಶದ ಮೂಲವೆಂದು ತಿಳಿದರು. ಅವರ ವಿವರಣೆಯ ಪ್ರಕಾರ ಅಂಟಿನಂಥ ದ್ರವದಲ್ಲಿ ಮೊದಲು ಸಣ್ಣ ಕಣಗಳು ಕಾಣಿಸಿಕೊಳ್ಳುತ್ತವೆ, ಅವುಗಳ ಸುತ್ತ ಪದಾರ್ಥ ಕೂಡಿಕೊಂಡು ಕೋಶಕೇಂದ್ರವಾಗುತ್ತದೆ, ಆ ಕೋಶಕೇಂದ್ರದ ಮೇಲೆ ಗಡಿಯಾರದ ಮೇಲಿನ ಗಾಜಿನಂತೆ ಒಂದು ಪಾರದರ್ಶಕ ಪೊರೆ ಉಬ್ಬಿ ಬಂದು ಕ್ರಮೇಣ ಇಡೀ ಕೋಶವಾಗಿ ಬೆಳೆಯುತ್ತದೆ. ಗಡಿಯಾರದ ಗಾಜಿನ ಹೋಲಿಕೆ ಅವರದೇ.

ಮ್ಯುಲರ್ ಅವರ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದ ಥಿಯೊಡೋರ್ ಶ್ವಾನ್ ಒಮ್ಮೆ ಶ್ಲೈಡನ್ ಜೊತೆ ಊಟಕ್ಕೆ ಕುಳಿತಿದ್ದಾಗ ಈ ಮಾತು ಬಂತು. ಕಪ್ಪೆಯ ಗೊದಮೊಟ್ಟೆಯ ನೋಟೋಕಾರ್ಡಿನಲ್ಲಿ, ಅಂದರೆ ಬೆನ್ನಿನುದ್ದಕ್ಕೂ ಹಾಯುವ ದಂಡದಂಥ ರಚನೆಯಲ್ಲಿ, ತಾವು ಕಂಡಿದ್ದ ರಚನೆಯೂ ಇಂಥದೇ ಎಂದು ಶ್ವಾನ್ ಅವರಿಗೆ ತಟ್ಟನೆ ಹೊಳೆಯಿತು. 1839ರ ಅವರ ಗ್ರಂಥ ಮೃದ್ವಸ್ಥಿ, ಉಗುರು, ಗರಿ, ಕಣ್ಣಿನ ಮಸೂರ, ಸ್ನಾಯು, ನರ ಹೀಗೆ ಒಂದೊಂದೇ ಅಂಗಾಂಶವನ್ನು ತೆಗೆದುಕೊಂಡು ಅದು ಕೋಶಗಳಿಂದ ರೂಪುಗೊಳ್ಳುವುದನ್ನು ತೋರಿಸುತ್ತದೆ; ಆ ಭಾಗ ಇಂದಿಗೂ ಗಟ್ಟಿಯಾಗಿ ನಿಂತಿದೆ. ಆದರೆ ಹೊಸ ಕೋಶದ ಹುಟ್ಟಿನ ವಿಷಯದಲ್ಲಿ ಅವರು ಶ್ಲೈಡನ್ ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ಶ್ಲೈಡನ್ ಪ್ರಕಾರ ಹೊಸ ಕೋಶ ಹಳೆಯ ಕೋಶದ ಒಳಗೆ ಹುಟ್ಟುತ್ತಿತ್ತು. ಶ್ವಾನ್ ಪ್ರಕಾರ ಪ್ರಾಣಿಗಳಲ್ಲಿ ಅದು ಬಹುಪಾಲು ಕೋಶಗಳ ಹೊರಗಿನ ದ್ರವದಲ್ಲೇ, ದ್ರಾವಣದಲ್ಲಿ ಹರಳುಗಟ್ಟುವಂತೆ, ತಾನಾಗಿ ರೂಪುಗೊಳ್ಳುತ್ತಿತ್ತು.

ಶ್ವಾನ್ ಹರಳನ್ನು ಉದಾಹರಿಸಿದ್ದು ಉಡಾಫೆಯಿಂದಲ್ಲ ಎಂಬುದನ್ನು ಒತ್ತಿ ಹೇಳಬೇಕು. ಜೀವಿಗಳಲ್ಲಿ ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ಎಟುಕದ ಒಂದು ಪ್ರಾಣಶಕ್ತಿ ಇದೆ ಎಂಬ ನಂಬಿಕೆ ಅಂದು ವ್ಯಾಪಕವಾಗಿತ್ತು, ಸ್ವತಃ ಅವರ ಗುರು ಮ್ಯುಲರ್ ಅದನ್ನು ಒಪ್ಪಿದ್ದರು. 1836ರಲ್ಲಿ ಜಠರರಸದ ಪೆಪ್ಸಿನ್ ಕಂಡುಹಿಡಿದಿದ್ದ ಶ್ವಾನ್ ಅವರಿಗೆ ಜೀವಕ್ರಿಯೆಯನ್ನು ನಿರ್ಜೀವ ಪದಾರ್ಥದ ನಿಯಮಗಳಿಂದಲೇ ವಿವರಿಸಬೇಕಿತ್ತು. ಹರಳು ಅದಕ್ಕೆ ಒದಗಿದ ಮಾದರಿ. ಉದ್ದೇಶ ಸರಿಯಾಗಿತ್ತು, ಮಾದರಿ ತಪ್ಪಾಗಿತ್ತು.

ಸಸ್ಯಪ್ರಿಯ

ಹಳೆಯ ಹಾಳೆಯವರ ವಿವರಣೆಗೆ ಸಸ್ಯಶಾಸ್ತ್ರದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಶ್ಲೈಡನ್ ಅವರ ತಪ್ಪನ್ನು ಅವರ ಕಲ್ಪನೆಯೆಂದು ತಳ್ಳಿಹಾಕುವುದು ಅನ್ಯಾಯವಾಗುತ್ತದೆ. ಅವರು ಮುಖ್ಯವಾಗಿ ನೋಡಿದ್ದು ಹೂವಿನ ಅಂಡಕದೊಳಗಿನ ಭ್ರೂಣಚೀಲವನ್ನು ಮತ್ತು ಬೀಜದಲ್ಲಿ ಭ್ರೂಣಕ್ಕೆ ಆಹಾರ ಒದಗಿಸುವ ಎಂಡೋಸ್ಪರ್ಮ್ ಅಂಗಾಂಶವನ್ನು. ಬಹಳಷ್ಟು ಸಸ್ಯಗಳಲ್ಲಿ ಈ ಅಂಗಾಂಶ ಬೆಳೆಯುವ ರೀತಿಯೇ ವಿಶಿಷ್ಟ: ಮೊದಲು ಕೋಶಕೇಂದ್ರಗಳು ಮಾತ್ರ ಮತ್ತೆ ಮತ್ತೆ ವಿಭಜಿಸಿ ನೂರಾರು ಆಗುತ್ತವೆ, ನಡುವೆ ಗೋಡೆಗಳೇ ಇರುವುದಿಲ್ಲ, ಗೋಡೆಗಳು ಕಟ್ಟಿಕೊಳ್ಳುವುದು ಆಮೇಲೆ. ಅಂದರೆ ದ್ರವ, ಅದರಲ್ಲಿ ಬಿಡಿಬಿಡಿ ಕೋಶಕೇಂದ್ರಗಳು, ಬಳಿಕ ಅವುಗಳ ಸುತ್ತ ಕೋಶಗಳು ಎಂಬ ಅನುಕ್ರಮವನ್ನು ಶ್ಲೈಡನ್ ನಿಜಕ್ಕೂ ಕಂಡಿದ್ದರು. ಆ ಕೋಶಕೇಂದ್ರಗಳು ಹಿಂದಿನ ಕೋಶಕೇಂದ್ರಗಳು ಒಡೆದು ಆದವು ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ. ಅದನ್ನು ಕಾಣಿಸುವ ಬಣ್ಣಗಳು ಅಂದು ಇರಲೂ ಇಲ್ಲ.

ನಮ್ಮಲ್ಲಿ ಇದಕ್ಕೆ ಎಳನೀರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಗಂಜಿ ಕಟ್ಟದ ಎಳೆಯ ಕಾಯಿಯ ನೀರು ಬಿಡಿ ಕೋಶಕೇಂದ್ರಗಳು ತೇಲುವ ಎಂಡೋಸ್ಪರ್ಮ್. ಆಮೇಲೆ ಚಿಪ್ಪಿನ ಒಳಮೈಗೆ ಕಟ್ಟುವ ಗಂಜಿ, ಅದು ಬಲಿತು ಆಗುವ ತಿರುಳು, ಗೋಡೆಗಳು ಮೂಡಿ ಕೋಶಗಳಾದ ಎಂಡೋಸ್ಪರ್ಮ್. ಸಸ್ಯಗಳ ಸಂತಾನೋತ್ಪತ್ತಿಯ ಪಾಠದಲ್ಲಿ ದ್ವಿತೀಯ ಪಿಯುಸಿ ಮಕ್ಕಳು ಇದನ್ನು ಓದುತ್ತಾರೆ, ಆದರೆ ಕೋಶ ಸಿದ್ಧಾಂತದ ಇತಿಹಾಸಕ್ಕೂ ಇದಕ್ಕೂ ಇರುವ ಸಂಬಂಧವನ್ನು ಯಾರೂ ಅವರಿಗೆ ಹೇಳುವುದಿಲ್ಲ. ಇದೊಂದೇ ಅಂಗಾಂಶವನ್ನು ನೋಡಿದವರು ಯಾರೇ ಆಗಲಿ, ಶ್ಲೈಡನ್ ಬಂದ ತೀರ್ಮಾನಕ್ಕೇ ಬರುವ ಸಾಧ್ಯತೆ ಹೆಚ್ಚು. ಒಂದು ವಿಶೇಷ ಅಂಗಾಂಶದಲ್ಲಿ ಕಂಡದ್ದನ್ನು ಎಲ್ಲ ಸಸ್ಯಗಳ ಎಲ್ಲ ಅಂಗಾಂಶಗಳಿಗೂ ಅನ್ವಯಿಸಿದ್ದು ಅವರ ದೋಷ.

ಅದೂ ಅಲ್ಲದೆ, ಕೋಶ ಒಡೆದು ಎರಡಾಗುವುದು ಆ ಹೊತ್ತಿಗಾಗಲೇ ಅಚ್ಚಾಗಿತ್ತು. ಬೆಲ್ಜಿಯಂನ ದ್ಯುಮೋರ್ತಿಯೇ 1832ರಲ್ಲಿ, ಜರ್ಮನಿಯ ಹ್ಯೂಗೋ ಫಾನ್ ಮೋಲ್ 1835ರಲ್ಲಿ, ನೂಲಿನಂಥ ಹಸಿರು ಪಾಚಿಯ ಕೋಶದ ನಡುವೆ ಅಡ್ಡಗೋಡೆ ಮೂಡುವುದನ್ನು ವರ್ಣಿಸಿದ್ದರು. ಆ ವೀಕ್ಷಣೆಗಳು ಸಾರ್ವತ್ರಿಕ ನಿಯಮವೆಂಬ ಮನ್ನಣೆ ಪಡೆಯಲಿಲ್ಲ.

ಮಸೂರ

ನಾನು ನಿವೃತ್ತ ಭೌತಶಾಸ್ತ್ರ ಅಧ್ಯಾಪಕ. ಹದಿನಾರು ವರ್ಷದ ಅಂತರಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅದರ ಹಿಂದಿನ ದೀರ್ಘ ಅಂತರ. ರಾಬರ್ಟ್ ಹುಕ್ ಅವರ ಮೈಕ್ರೋಗ್ರಾಫಿಯಾ ಪ್ರಕಟವಾದದ್ದು 1665ರಲ್ಲಿ. ಶ್ವಾನ್ ಅವರ ಗ್ರಂಥ 1839ರಲ್ಲಿ. ಸುಮಾರು ಒಂದೂಮುಕ್ಕಾಲು ಶತಮಾನ.

ಹುಕ್ ಕಾರ್ಕ್ ನೋಡಿದ ವಿಧಾನವನ್ನು ಮಕ್ಕಳಿಗೆ ಓದಿ ಹೇಳುವುದು ಒಳ್ಳೆಯದು. ಅವರು ಲೇಖನಿ ಚೂರಿಯನ್ನು ಕ್ಷೌರದ ಕತ್ತಿಯಷ್ಟು ಹರಿತಗೊಳಿಸಿ ಮೊದಲು ಕಾರ್ಕಿನ ಮೈಯನ್ನು ನುಣುಪಾಗಿ ಕೊಯ್ದರು. ಅದರಲ್ಲಿ ರಂಧ್ರಗಳಿರುವಂತೆ ತೋರಿತೇ ಹೊರತು ಖಚಿತವಾಗಲಿಲ್ಲ. ಆಗ ಅತ್ಯಂತ ತೆಳುವಾದ ಪದರವೊಂದನ್ನು ಕೊಯ್ದು, ಕಾರ್ಕ್ ಬಿಳಿಯಾದ್ದರಿಂದ ಕಪ್ಪು ಹಲಗೆಯ ಮೇಲಿಟ್ಟು, ಒಂದು ಬದಿ ಉಬ್ಬಿದ ಗಾಜಿನಿಂದ ಅದರ ಮೇಲೆ ಬೆಳಕು ಕೇಂದ್ರೀಕರಿಸಿದರು. ಆಗ ಕೋಣೆಗಳು ಕಂಡವು. ಕಂಡದ್ದನ್ನು ಬರೆದು ಸುಮ್ಮನಾಗದೆ ಎಣಿಸಿದರು: ಒಂದು ಅಂಗುಲದ ಹದಿನೆಂಟನೆಯ ಒಂದು ಭಾಗದಲ್ಲಿ ಸುಮಾರು 60 ಕೋಣೆಗಳು, ಅಂದರೆ ಅಂಗುಲಕ್ಕೆ 1,080, ಚದರ ಅಂಗುಲಕ್ಕೆ 11,66,400, ಘನ ಅಂಗುಲಕ್ಕೆ 125,97,12,000. ಒಂದು ತುಂಡು ಬಿರಡೆಯಲ್ಲಿ ನೂರು ಕೋಟಿಗೂ ಮೀರಿದ ಕೋಣೆಗಳು! ಈ ಲೆಕ್ಕವನ್ನು ತರಗತಿಯಲ್ಲಿ ಮಕ್ಕಳಿಂದಲೇ ಮಾಡಿಸಬಹುದು.

ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಒಂದೇ ಮಸೂರದ ಪುಟ್ಟ ಉಪಕರಣಗಳನ್ನು ತಾವೇ ತಯಾರಿಸಿ 1670ರ ದಶಕದಲ್ಲಿ ಏಕಕೋಶ ಜೀವಿಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಕಂಡರು. ಉಳಿದುಬಂದಿರುವ ಅವರ ಉಪಕರಣಗಳಲ್ಲಿ ಅತ್ಯುತ್ತಮವಾದದ್ದು ಸುಮಾರು 270 ಪಟ್ಟು ಹಿಗ್ಗಿಸುತ್ತದೆ. ಆದರೆ ಎರಡು ಮೂರು ಮಸೂರಗಳ ಸಂಯುಕ್ತ ಸೂಕ್ಷ್ಮದರ್ಶಕದಲ್ಲಿ ಹಿಗ್ಗುವಿಕೆ ಹೆಚ್ಚಿದಂತೆಲ್ಲ ದೋಷವೂ ಹೆಚ್ಚುತ್ತಿತ್ತು. ಗಾಜು ಬೇರೆ ಬೇರೆ ಬಣ್ಣದ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ವಸ್ತುವಿನ ಅಂಚಿನ ಸುತ್ತ ಬಣ್ಣದ ಬಳೆಗಳು ಮೂಡುತ್ತಿದ್ದವು. ಮಸೂರದ ಅಂಚಿನಿಂದ ಬಂದ ಕಿರಣವೂ ಮಧ್ಯದಿಂದ ಬಂದ ಕಿರಣವೂ ಒಂದೇ ಕಡೆ ಸೇರದೆ ಚಿತ್ರ ಮಸುಕಾಗುತ್ತಿತ್ತು. ಇಂಥ ಚಿತ್ರದಲ್ಲಿ ಸಣ್ಣ ಗುಂಡು ಆಕಾರಗಳನ್ನು ಕಂಡರೆ ಅವು ವಸ್ತುವಿನಲ್ಲಿವೆಯೋ ಗಾಜಿನ ದೋಷವೋ ಹೇಳಲಾಗುತ್ತಿರಲಿಲ್ಲ. ಲಂಡನ್ನಿನ ದ್ರಾಕ್ಷಾರಸದ ವ್ಯಾಪಾರಿ ಜೋಸೆಫ್ ಜಾಕ್ಸನ್ ಲಿಸ್ಟರ್ 1830ರಲ್ಲಿ, ವರ್ಣದೋಷ ನಿವಾರಿಸಿದ ಮಸೂರಗಳನ್ನು ನಿರ್ದಿಷ್ಟ ಅಂತರದಲ್ಲಿ ಜೋಡಿಸಿ ಈ ಎರಡೂ ದೋಷಗಳನ್ನು ಹತೋಟಿಗೆ ತರುವ ಬಗೆಯನ್ನು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ನಂಜುನಿವಾರಣೆ ತಂದ ಲಿಸ್ಟರ್ ಇವರ ಮಗ. 1830ರ ದಶಕದಲ್ಲೇ ಕೋಶದ ಕುರಿತ ಕೆಲಸ ಒಮ್ಮೆಗೇ ಗರಿಗೆದರಿದ್ದಕ್ಕೆ ಇದು ಮುಖ್ಯ ಕಾರಣ ಎಂಬುದು ನನ್ನ ದೃಢ ಅಭಿಪ್ರಾಯ.

ಹಳೆಯ ಹಾಳೆ

ಮಸೂರ ಅವರೇ, ಉಪಕರಣದ ಪಾತ್ರವನ್ನು ನಾನು ಕಡೆಗಣಿಸುವುದಿಲ್ಲ, ಆದರೂ ಅದೊಂದರಿಂದಲೇ ಇಡೀ ಅಂತರವನ್ನು ವಿವರಿಸಲಾಗದು. ಮಾಲ್ಪೀಘಿ ಮತ್ತು ನೆಹೆಮಿಯಾ ಗ್ರೂ 1670 ಮತ್ತು 80ರ ದಶಕಗಳಲ್ಲೇ ಸಸ್ಯಗಳ ಕಾಂಡ, ಬೇರು, ಎಲೆಗಳಲ್ಲಿ ಕೋಶಗಳನ್ನು ಕಂಡು ಸೊಗಸಾಗಿ ಚಿತ್ರಿಸಿದ್ದರು. ಕಂಡಿದ್ದರು, ಆದರೆ ಅವನ್ನು ದೇಹದ ಮೂಲ ಘಟಕವೆಂದು ಎಣಿಸಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಆಲ್ಬ್ರೆಕ್ಟ್ ಫಾನ್ ಹಾಲರ್ ಅವರಂಥ ದೊಡ್ಡ ಶರೀರಶಾಸ್ತ್ರಜ್ಞರು ದೇಹದ ಮೂಲ ಘಟಕವೆಂದು ಭಾವಿಸಿದ್ದು ನಾರನ್ನು. ಆ ದೃಷ್ಟಿಯಿಂದ ನೋಡುವವರಿಗೆ ಕೋಶವೆಂದರೆ ನಾರುಗಳ ಹೆಣಿಗೆಯ ನಡುವೆ ಉಳಿದ ಬರಿಯ ತೆರಪು. ಗೋಡೆಯೇ ವಸ್ತು, ಒಳಗಿನದು ಖಾಲಿ ಎಂದು ತಿಳಿದವರಿಗೆ ಒಳಗೆ ಹುಡುಕುವ ಅಗತ್ಯ ತೋರುವುದಿಲ್ಲ.

ಈ ದೃಷ್ಟಿ ಬದಲಾದದ್ದು ಹಂತ ಹಂತವಾಗಿ. ಮೊಲ್ಡನ್‌ಹಾವರ್ 1812ರಲ್ಲಿ ಸಸ್ಯದ ಅಂಗಾಂಶವನ್ನು ನೀರಿನಲ್ಲಿ ಕೊಳೆಹಾಕಿ ಕೋಶಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಪ್ರತಿಯೊಂದಕ್ಕೂ ತನ್ನದೇ ಗೋಡೆ ಇದೆ ಎಂದು ತೋರಿಸಿದರು. ಬ್ರೌನ್ ಅವರ ಕೋಶಕೇಂದ್ರ ಬಂದ ಮೇಲೆ ಸಸ್ಯ ಮತ್ತು ಪ್ರಾಣಿಗಳ ಕೋಶಗಳನ್ನು ಹೋಲಿಸಲು ಒಂದು ಗುರುತು ಸಿಕ್ಕಿತು. ಪ್ರಾಣಿಕೋಶಕ್ಕೆ ಗಟ್ಟಿ ಗೋಡೆಯಿಲ್ಲ, ಅದನ್ನು ಗೋಡೆಯಿಂದ ಗುರುತಿಸಲಾಗದು, ಕೋಶಕೇಂದ್ರದಿಂದ ಗುರುತಿಸಬಹುದು. ಶ್ವಾನ್ ಮಾಡಿದ್ದು ಇದನ್ನೇ.

ಪುರ್ಕಿನ್ಯೆ ಅವರನ್ನು ಇಲ್ಲಿ ಮರೆಯಬಾರದು. ಬ್ರೆಸ್ಲೌ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಈ ಚೆಕ್ ವಿಜ್ಞಾನಿ 1837ರ ಪ್ರಾಗ್ ಸಮ್ಮೇಳನದಲ್ಲಿಯೇ ಪ್ರಾಣಿಗಳ ಗ್ರಂಥಿ ಮತ್ತು ಮೆದುಳುಗಳಲ್ಲಿರುವ ಕಣಗಳನ್ನು ಸಸ್ಯಕೋಶಗಳೊಂದಿಗೆ ಹೋಲಿಸಿದ್ದರು. ಶ್ವಾನ್ ಅವರ ಗ್ರಂಥಕ್ಕೆ ಎರಡು ವರ್ಷ ಮೊದಲು!

ಪೆಥಾಲಜಿ ವೈದ್ಯೆ

ವಿರ್ಚೋ ಹೆಸರಿನ ಬಗ್ಗೆ ಇನ್ನೂ ಯಾರೂ ಬರೆಯದಿರುವುದರಿಂದ ನಾನು ಬರೆಯುತ್ತೇನೆ. ನಮ್ಮ ವಿಷಯದಲ್ಲಿ ಅವರು ಪಿತಾಮಹರ ಸ್ಥಾನದಲ್ಲಿದ್ದಾರೆ, ಆದರೆ ಕೋಶದಿಂದಲೇ ಕೋಶ ಎಂಬುದನ್ನು ಸಾಕ್ಷ್ಯಸಮೇತ ಸ್ಥಾಪಿಸಿದವರು ಅವರಲ್ಲ. ರಾಬರ್ಟ್ ರೇಮಾಕ್.

ರೇಮಾಕ್ ಪೋಸನ್ ನಗರದಲ್ಲಿ ಹುಟ್ಟಿದ ಪೋಲಿಷ್ ಯಹೂದಿ, ಮ್ಯುಲರ್ ಅವರ ಇನ್ನೊಬ್ಬ ಶಿಷ್ಯ. 1841ರಲ್ಲೇ ಕೋಳಿಯ ಭ್ರೂಣದಲ್ಲಿ ರಕ್ತಕೋಶಗಳು ಒಂದು ಎರಡಾಗುವುದನ್ನು ಕಂಡು ವರದಿ ಮಾಡಿದರು. ಅಷ್ಟಕ್ಕೇ ನಿಯಮ ಸಿದ್ಧವಾಯಿತೆಂದು ಅವರು ಘೋಷಿಸಲಿಲ್ಲ. ಮುಂದಿನ ಹತ್ತು ವರ್ಷ ಕೋಳಿ ಮತ್ತು ಕಪ್ಪೆಗಳ ಭ್ರೂಣಗಳನ್ನು ಅಭ್ಯಸಿಸಿ, ಫಲಿತ ಅಂಡ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಹೋಗುವ ಆ ತುಂಡುಗಳೇ ಮುಂದೆ ಅಂಗಾಂಶಗಳ ಕೋಶಗಳಾಗುತ್ತವೆ, ನಡುವೆ ಎಲ್ಲಿಯೂ ದ್ರವದಿಂದ ಕೋಶ ಹುಟ್ಟುವುದಿಲ್ಲ ಎಂದು ತೋರಿಸಿದರು. 1852ರ ಲೇಖನದಲ್ಲಿ ಕೋಶದ ಹೊರಗೆ ಕೋಶ ಹುಟ್ಟುತ್ತದೆಂಬ ಮಾತು ಜೀವಿಗಳು ತಾವಾಗಿ ಉದ್ಭವಿಸುತ್ತವೆಂಬ ಮಾತಿನಷ್ಟೇ ಅಸಂಭವ ಎಂದು ನೇರವಾಗಿ ಬರೆದರು. ಆ ಲೇಖನ ಅಚ್ಚಾದದ್ದು ಶ್ಲೈಡನ್ ಅವರ 1838ರ ಲೇಖನ ಬಂದಿದ್ದ ಮ್ಯುಲರ್ ಪತ್ರಿಕೆಯಲ್ಲೇ.

ಯಹೂದಿಯಾಗಿದ್ದರಿಂದ ಪ್ರಶ್ಯದ ವಿಶ್ವವಿದ್ಯಾಲಯದಲ್ಲಿ ಬೋಧಿಸುವ ಹಕ್ಕು ಅವರಿಗೆ ಇರಲಿಲ್ಲ. ಮತಾಂತರಗೊಂಡಿದ್ದರೆ ಸಿಗುತ್ತಿತ್ತು, ಅವರು ಒಪ್ಪಲಿಲ್ಲ. ರಾಜನಿಗೇ ಮನವಿ ಸಲ್ಲಿಸಿ, ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅವರ ಬೆಂಬಲದಿಂದ 1847ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ನೀಡುವ ಅನುಮತಿ ಪಡೆದರು. ಪೂರ್ಣ ಪ್ರಾಧ್ಯಾಪಕ ಸ್ಥಾನ ಅವರಿಗೆ ಕೊನೆಯವರೆಗೂ ದಕ್ಕಲಿಲ್ಲ. 1865ರಲ್ಲಿ ಐವತ್ತರ ವಯಸ್ಸಿನಲ್ಲಿ ತೀರಿಕೊಂಡರು. 1855ರಲ್ಲಿ ವಿರ್ಚೋ ತಮ್ಮದೇ ಪತ್ರಿಕೆಯಲ್ಲಿ ಪ್ರತಿ ಕೋಶವೂ ಕೋಶದಿಂದಲೇ ಎಂಬ ಲ್ಯಾಟಿನ್ ಸೂತ್ರವನ್ನು ಮುಂದಿಟ್ಟಾಗ ಆ ಸೂತ್ರದ ಜೊತೆ ರೇಮಾಕ್ ಹೆಸರಿರಲಿಲ್ಲ. ನಮ್ಮ ಪಠ್ಯದಲ್ಲಿ ಇಂದಿಗೂ ಆ ಹೆಸರಿಲ್ಲದಿರುವುದು ನನಗೆ ನೋವಿನ ಸಂಗತಿ.

ಹಳೆಯ ಹಾಳೆ

ವೈದ್ಯರೇ, ರೇಮಾಕ್ ಅವರಿಗೆ ಆದದ್ದು ಅನ್ಯಾಯ ಎಂಬುದರಲ್ಲಿ ನನ್ನದೂ ನಿಮ್ಮ ಅಭಿಪ್ರಾಯವೇ. ಆದರೆ ವಿರ್ಚೋ ಅವರದು ಬರೀ ಕದ್ದ ಕೀರ್ತಿ ಎಂದು ಮಕ್ಕಳಿಗೆ ಹೇಳಿದರೆ ಇನ್ನೊಂದು ತಪ್ಪು ಇತಿಹಾಸ ಕಲಿಸಿದಂತಾಗುತ್ತದೆ. ರೇಮಾಕ್ ಅವರ ಕೆಲಸ ಹೆಚ್ಚಾಗಿ ಭ್ರೂಣದಲ್ಲಿ. ರೋಗಪೀಡಿತ ದೇಹದಲ್ಲಿ ಕೀವು, ಗಡ್ಡೆ ಇವು ರಕ್ತನಾಳದಿಂದ ಒಸರಿದ ದ್ರವ ಹೆಪ್ಪುಗಟ್ಟಿ ಹುಟ್ಟುತ್ತವೆ ಎಂಬ ನಂಬಿಕೆ ವೈದ್ಯರಲ್ಲಿ ಗಟ್ಟಿಯಾಗಿತ್ತು, ಕೆಲಕಾಲ ವಿರ್ಚೋ ಕೂಡ ಅದನ್ನು ನಂಬಿದ್ದರು. 1858ರಲ್ಲಿ ಬರ್ಲಿನ್ನಿನಲ್ಲಿ ವೈದ್ಯರಿಗೆ ನೀಡಿದ ಇಪ್ಪತ್ತು ಉಪನ್ಯಾಸಗಳಲ್ಲಿ ಅವರು ಈ ನಂಬಿಕೆಯನ್ನು ಬುಡಸಮೇತ ಕಿತ್ತರು. ಗಡ್ಡೆಯ ಕೋಶವೂ ದೇಹದ ಯಾವುದೋ ಕೋಶದ ಸಂತತಿಯೇ ಎಂದು ವೈದ್ಯಲೋಕ ಒಪ್ಪುವಂತೆ ಮಾಡಿದ ಶ್ರೇಯ ಅವರದು.

ಪೆಥಾಲಜಿ ವೈದ್ಯೆ

ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಕಾರ್ಸಿನೋಮ ಬಗೆಯ ಕ್ಯಾನ್ಸರ್ ಸಂಯೋಜಕ ಅಂಗಾಂಶದ ಕೋಶಗಳಿಂದ ಹುಟ್ಟುತ್ತದೆ ಎಂದು ವಿರ್ಚೋ ಪಟ್ಟು ಹಿಡಿದಿದ್ದರು. ಅದು ಮೈಹೊದಿಕೆಯ ಎಪಿಥೀಲಿಯಲ್ ಕೋಶಗಳಿಂದ ಹುಟ್ಟುತ್ತದೆ ಎಂದು 1860ರ ದಶಕದಲ್ಲಿ ಥೀರ್ಶ್ ಮತ್ತು ವಾಲ್ಡೇಯರ್ ತೋರಿಸಿದರು. ರೇಮಾಕ್ ಅವರ ನಿಲುವೂ ಅದೇ ಆಗಿತ್ತು. ಇಂದು ಬಯಾಪ್ಸಿ ವರದಿಯಲ್ಲಿ ನಾವು ಗಡ್ಡೆಗೆ ಹೆಸರಿಡುವುದೇ ಅದು ಯಾವ ಬಗೆಯ ಕೋಶದಿಂದ ಹುಟ್ಟಿದೆ ಎಂಬುದನ್ನು ನೋಡಿ.

ನರವಿಜ್ಞಾನ ಸಂಶೋಧನಾರ್ಥಿ

ಕೋಶ ಸಿದ್ಧಾಂತ 1858ಕ್ಕೆ ಮುಗಿದ ಅಧ್ಯಾಯ ಎಂಬ ಭಾವನೆ ಬರಬಾರದೆಂದು ಬರೆಯುತ್ತಿದ್ದೇನೆ. ಕೋಶಕೇಂದ್ರವೇ ಹೇಗೆ ಒಡೆಯುತ್ತದೆ ಎಂಬುದು ಸ್ಪಷ್ಟವಾಗಲು ವಾಲ್ಟರ್ ಫ್ಲೆಮಿಂಗ್ ಸಾಲಮ್ಯಾಂಡರ್ ಮರಿಗಳ ದೊಡ್ಡ ಕೋಶಗಳಿಗೆ ಅನಿಲೀನ್ ಬಣ್ಣ ಹಾಕಿ ನೋಡಬೇಕಾಯಿತು. ಅವರ ಗ್ರಂಥ ಬಂದದ್ದು 1882ರಲ್ಲಿ. ನರಮಂಡಲವಂತೂ ಇನ್ನೂ ಹೊರಗೇ ಉಳಿದಿತ್ತು. ಮೆದುಳು ಪ್ರತ್ಯೇಕ ಕೋಶಗಳಿಂದಾದದ್ದಲ್ಲ, ಎಡೆಬಿಡದೆ ಹೆಣೆದುಕೊಂಡ ಒಂದೇ ಜಾಲ ಎಂದು ಅನೇಕರು ನಂಬಿದ್ದರು. ಗಾಲ್ಜಿ 1873ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣ ಬರಿಸುವ ವಿಧಾನ ಪ್ರಕಟಿಸಿದರು. ಅದೇ ವಿಧಾನವನ್ನು ಉತ್ತಮಪಡಿಸಿಕೊಂಡ ಸ್ಪೇನಿನ ಸಾಂತಿಯಾಗೋ ರಮೋನ್ ಇ ಕಹಾಲ್ 1888ರಿಂದ ನರಕೋಶಗಳು ಬಿಡಿಬಿಡಿಯಾಗಿವೆ ಎಂದು ತೋರಿಸುತ್ತ ಬಂದರು. 1906ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿದಾಗ ಗಾಲ್ಜಿ ತಮ್ಮ ನೊಬೆಲ್ ಉಪನ್ಯಾಸವನ್ನು ನರಕೋಶ ಸಿದ್ಧಾಂತವನ್ನು ವಿರೋಧಿಸಲೆಂದೇ ಬಳಸಿದರು. ಎರಡು ನರಕೋಶಗಳ ನಡುವಿನ ತೆರಪು ಕಣ್ಣಿಗೆ ಕಂಡದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ.

ಹಾಸನದ ಉಪನ್ಯಾಸಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಠ್ಯಕ್ಕೆ ಧಕ್ಕೆಯಾಗದಂತೆ, ಆದರೆ "ವಿವರಿಸಲಿಲ್ಲ" ಎಂಬಲ್ಲಿ "ವಿವರಿಸಿದರು, ಆ ವಿವರಣೆಯನ್ನು ರೇಮಾಕ್ 1852ರಲ್ಲಿ ಅಲ್ಲಗಳೆದರು" ಎಂದು ಸೇರಿಸಿ ಪಾಠ ಮಾಡಲು ನಿರ್ಧರಿಸಿದ್ದೇನೆ. ಪರೀಕ್ಷೆಯಲ್ಲಿ ವಿರ್ಚೋ ಹೆಸರನ್ನು ಬರೆಯಲೇಬೇಕು, ಅದನ್ನೂ ಹೇಳುತ್ತೇನೆ. ಸಸ್ಯಪ್ರಿಯ ಅವರೇ, ಎಳನೀರಿನ ಕೋಶಕೇಂದ್ರಗಳನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ತೋರಿಸಲು ಸಾಧ್ಯವೇ? ನಮ್ಮಲ್ಲಿ ಸಾಮಾನ್ಯ ಸಂಯುಕ್ತ ಸೂಕ್ಷ್ಮದರ್ಶಕ ಮತ್ತು ಕೋಶಕೇಂದ್ರಕ್ಕೆ ಬಣ್ಣ ಕೊಡುವ ಅಸಿಟೋಕಾರ್ಮೈನ್ ಇವೆ.

ಸಸ್ಯಪ್ರಿಯ

ಪ್ರಯತ್ನಿಸಬಹುದು ಮೇಡಂ, ಆದರೆ ಕಾಯಿಯ ಆಯ್ಕೆಯೇ ಮುಖ್ಯ. ಅಂಗಡಿಯ ಎಳನೀರು ಸಾಮಾನ್ಯವಾಗಿ ಗಂಜಿ ಕಟ್ಟಲು ಆರಂಭಿಸಿರುತ್ತದೆ. ಆ ಹಂತದಲ್ಲಿ ಕೋಶಕೇಂದ್ರಗಳು ಒಳಮೈಯ ಕಡೆಗೆ ಸರಿದಿರುತ್ತವೆ, ನೀರಿನ ಹನಿಯಲ್ಲಿ ಏನೂ ಕಾಣದೆ ಮಕ್ಕಳು ನಿರಾಶರಾಗುತ್ತಾರೆ. ತೋಟದವರನ್ನು ಕೇಳಿ, ಕೊಯ್ದರೆ ಒಳಗೆ ನೀರು ಮಾತ್ರ ಇರುವಷ್ಟು ಎಳೆಯ ಕಾಯಿ ತರಿಸಿ. ಸೆಂಟ್ರಿಫ್ಯೂಜ್ ಇದ್ದರೆ ನೀರನ್ನು ನಿಧಾನ ವೇಗದಲ್ಲಿ ತಿರುಗಿಸಿ, ಇಲ್ಲವಾದರೆ ಪ್ರನಾಳದಲ್ಲಿ ಅಲುಗಿಸದೆ ಇಟ್ಟು ತಳದಲ್ಲಿ ನಿಂತದ್ದನ್ನು ಒಂದು ಹನಿ ತೆಗೆದುಕೊಂಡು ಅಸಿಟೋಕಾರ್ಮೈನ್ ಬೆರೆಸಿ ಕವರ್ ಸ್ಲಿಪ್ ಮುಚ್ಚಿ. ಜೊತೆಗೆ ಗಂಜಿ ಕಟ್ಟಿದ ಇನ್ನೊಂದು ಕಾಯಿಯ ತೆಳು ಪದರವನ್ನೂ ಪಕ್ಕದ ಸೂಕ್ಷ್ಮದರ್ಶಕದಲ್ಲಿಡಿ. ಎರಡನ್ನೂ ನೋಡಿದ ಮೇಲೆ, ಈ ಎರಡೇ ಸ್ಲೈಡುಗಳನ್ನು ಕಂಡ ವಿಜ್ಞಾನಿ ಹೊಸ ಕೋಶದ ಹುಟ್ಟಿನ ಬಗ್ಗೆ ಏನೆಂದು ಬರೆದಿರಬಹುದು ಎಂದು ಆ ವಿದ್ಯಾರ್ಥಿನಿಯನ್ನೇ ಮೊದಲು ಕೇಳಿ. ಶ್ಲೈಡನ್ ಹೆಸರನ್ನು ಆಮೇಲೆ ಹೇಳಿ.